ನೇಗಿಲು ಹೊತ್ತ ಹಡಗು

ಹಡಗಿನ ಹಾಯಿಯ ಮೇಲೆ ಯಾರಾದರೂ ನೇಗಿಲು ಬರೆಯುತ್ತಾರೆಯೇ? ಜರ್ಮನಿಯ ತುತ್ತತುದಿಯ ಉತ್ತರದ ಜಿಲ್ಲೆಯವರು ಬರೆದಿದ್ದಾರೆ. ನಾರ್ಡ್‌ಫ್ರೀಸ್‌ಲಾಂಟ್ ಜಿಲ್ಲೆಯ ಲಾಂಛನ ಒಂದು ನೀಲಿ ಗುರಾಣಿ. ಮೇಲೆ ಎರಡು, ಕೆಳಗೆ ಒಂದು, ಹೀಗೆ ಮೂರು ಚಿನ್ನದ ಹಡಗುಗಳು ಹಾಯಿ ಬಿಚ್ಚಿಕೊಂಡು ಅದರ ಮೇಲೆ ಸಾಗುತ್ತಿವೆ. ಒಂದರ ದೊಡ್ಡ ಹಾಯಿಯ ಮೇಲೆ ನೇಗಿಲು, ಇನ್ನೊಂದರ ಮೇಲೆ ಮೀನು, ಮತ್ತೊಂದರ ಮೇಲೆ ಗೂಳಿಯ ತಲೆ. ಹಡಗಿನ ಮೇಲೆ ಮೀನಿರುವುದು ಸಹಜ. ನೇಗಿಲಿಗೂ ಗೂಳಿಗೂ ಅಲ್ಲೇನು ಕೆಲಸ?

ಹಾಂಬುರ್ಗ್‌ನಲ್ಲಿರುವ ಅಣ್ಣನ ಮಗಳ ಮನೆಯಿಂದ ನಾವಿಬ್ಬರೂ ರೈಲು ಹತ್ತಿ ಉತ್ತರಕ್ಕೆ ಹೊರಟದ್ದು ಕಡಲು ನೋಡಲೆಂದು. ಜಿಲ್ಲಾ ಕೇಂದ್ರ ಹೂಸುಮ್‌ನಲ್ಲಿ ಈ ಲಾಂಛನದ ಬಾವುಟ ಕಣ್ಣಿಗೆ ಬಿದ್ದ ಮೇಲೆ ನನ್ನ ಪ್ರವಾಸದ ದಿಕ್ಕೇ ಬದಲಾಯಿತು. "ಅತ್ತೆ, ಅದರಲ್ಲಿ ಅಂಥದ್ದೇನಿದೆ? ಬೇಸಾಯ, ಮೀನುಗಾರಿಕೆ, ದನ ಸಾಕಣೆ, ಅಷ್ಟೇ ಅಲ್ವಾ?" ಎಂದಳು ಹುಡುಗಿ. ಪುಸ್ತಕಗಳು ಹೇಳುವ ಅರ್ಥವೂ ಅದೇ. ಆದರೆ ಆ ಮೂರನ್ನೂ ನೆಲದ ಮೇಲೆ ನಿಲ್ಲಿಸದೆ ನೀರಿನ ಮೇಲೆ ತೇಲಿಬಿಟ್ಟವರ ಮನಸ್ಸಿನಲ್ಲಿ ಏನಿತ್ತು ಎಂಬುದು ನನ್ನನ್ನು ಕಾಡತೊಡಗಿತು. ಮುಂದಿನ ದಿನಗಳಲ್ಲಿ ನಾವು ನೋಡಿದ್ದನ್ನೆಲ್ಲ ಆ ಗುರಾಣಿಯ ಬೆಳಕಿನಲ್ಲಿಯೇ ನೋಡಿದೆವು.

ಜರ್ಮನಿಯಲ್ಲಿ 294 ಜಿಲ್ಲೆಗಳಿವೆ, ಒಂದೊಂದಕ್ಕೂ ಒಂದು ಲಾಂಛನವಿದೆ. ಹೆಚ್ಚಿನವುಗಳಲ್ಲಿ ಕಾಣುವುದು ಸಿಂಹ, ಹದ್ದು, ಬಿಷಪ್ಪನ ದಂಡ, ಹಳೆಯ ಪಾಳೆಯಗಾರರ ಪಟ್ಟೆಗಳು. ಯಾರ ಆಳ್ವಿಕೆಯಲ್ಲಿತ್ತೆಂದು ಹೇಳುವ ಗುರುತುಗಳು ಅವು. ಇಲ್ಲಿ ಆಳಿದವರ ಗುರುತೇ ಇಲ್ಲ. ಶ್ಲೆಸ್ವಿಗ್‌ನ ಭಾಗವಾದ ಈ ಸೀಮೆಯನ್ನು 1864ರ ಯುದ್ಧದ ತನಕ ಆಳಿದವರು ಡೆನ್ಮಾರ್ಕಿನ ರಾಜರು, ಬಳಿಕ ಪ್ರಷ್ಯಾದವರು. ಇಬ್ಬರ ಕಿರೀಟವೂ ಗುರಾಣಿಯ ಮೇಲಿಲ್ಲ. ದುಡಿಮೆಯನ್ನು ಮಾತ್ರ ಚಿನ್ನದಲ್ಲಿ ಬರೆದುಕೊಂಡ ಈ ಜನರ ಮೇಲೆ ನನಗೆ ಆಗಲೇ ಗೌರವ ಮೂಡಿತ್ತು.

ಬಣ್ಣಕ್ಕೂ ಒಂದು ಕಟ್ಟಳೆಯಿದೆ. ಯುರೋಪಿನ ಲಾಂಛನ ಶಾಸ್ತ್ರದಲ್ಲಿ ಚಿನ್ನ ಬೆಳ್ಳಿಗಳು ಲೋಹಗಳು, ನೀಲಿ ಕೆಂಪು ಹಸಿರು ಕಪ್ಪುಗಳು ಬಣ್ಣಗಳು. ಲೋಹದ ಮೇಲೆ ಲೋಹವಿಡಬಾರದು, ಬಣ್ಣದ ಮೇಲೆ ಬಣ್ಣವಿಡಬಾರದು. ರಣರಂಗದ ಧೂಳಿನಲ್ಲಿ ದೂರದಿಂದಲೂ ಗುರುತು ಸಿಗಲೆಂದು ಹುಟ್ಟಿದ ನಿಯಮ ಇದು. ನೀಲಿಯ ಮೇಲೆ ಚಿನ್ನ ಎದ್ದು ಕಾಣುವುದನ್ನು ನಾನು ಬಟ್ಟೆಯ ಮೇಲೆ ಮೊದಲು ಕಂಡೆ. ಐಡರ್‌ಷ್ಟೆಟ್ ಎಂಬ ಸೀಮೆಯ ದಾರಿಯಲ್ಲಿ ಸಂಜೆ ಬಿಸಿಲು ಬಿದ್ದ ಗದ್ದೆ ಬಯಲನ್ನೂ ಅದರಾಚೆಯ ನೀರನ್ನೂ ಒಟ್ಟಿಗೆ ಕಂಡಾಗ ಆ ಎರಡು ಬಣ್ಣಗಳು ಎಲ್ಲಿಂದ ಬಂದಿರಬೇಕೆಂಬ ಬಗ್ಗೆ ಸಂಶಯ ಉಳಿಯಲಿಲ್ಲ.

ಜಿಲ್ಲೆ ಹುಟ್ಟಿದ್ದು 1970ರಲ್ಲಿ. ಹೂಸುಮ್, ಐಡರ್‌ಷ್ಟೆಟ್, ಸ್ಯೂಡ್‌ಟೊಂಡರ್ನ್ ಎಂಬ ಮೂರು ಜಿಲ್ಲೆಗಳನ್ನು ಸೇರಿಸಿ ಒಂದು ಮಾಡಿದರು. ಹಾಗಾಗಿ ಮೂರು ಹಡಗು ಮೂರು ಹಳೆಯ ಜಿಲ್ಲೆಗಳಿಗೆ ಎಂದು ಲೆಕ್ಕ ಹೊಂದಿಬಿಡುತ್ತದೆ. ಆದರೆ ಹಡಗುಗಳು ಅದಕ್ಕಿಂತ ಬಹಳ ಹಿರಿಯವು. ಅವು ಬಂದದ್ದು ಐಡರ್‌ಷ್ಟೆಟ್‌ನ ಹಳೆಯ ಲಾಂಛನದಿಂದ. ಇಂದು ಕಡಲೊಳಗೆ ಮೂಗು ಚಾಚಿದ ಪರ್ಯಾಯ ದ್ವೀಪವಾಗಿ ಕಾಣುವ ಐಡರ್‌ಷ್ಟೆಟ್ ಮಧ್ಯಯುಗದಲ್ಲಿ ಒಂದೇ ನೆಲವಾಗಿರಲಿಲ್ಲ. ಟೋನಿಂಗ್ ಸುತ್ತಲಿನದು ಐಡರ್‌ಷ್ಟೆಟ್, ಗಾರ್ಡಿಂಗ್ ಸುತ್ತಲಿನದು ಎವರ್‌ಶೋಪ್, ಟಾಟಿಂಗ್ ಸುತ್ತಲಿನದು ಊಟ್‌ಹೋಲ್ಮ್. ನಡುವೆ ಉಬ್ಬರದ ನೀರು ನುಗ್ಗುವ ಕಾಲುವೆಗಳು. ಜನ ತಲೆಮಾರುಗಟ್ಟಲೆ ಮಣ್ಣು ಹೊತ್ತು ಒಡ್ಡು ಕಟ್ಟಿ, ಕಾಲುವೆಗಳನ್ನು ಮುಚ್ಚಿ, ಮೂರನ್ನೂ ಬೆಸೆದರು. ಬೆಸೆದ ಮೇಲೂ ಅದನ್ನು ಮೂರು ನಾಡೆಂದೇ ಕರೆದುಕೊಂಡರು. 1426ರಲ್ಲಿ ತಮ್ಮ ಕಾನೂನುಗಳನ್ನು ತಾವೇ ಬರೆಸಿಟ್ಟುಕೊಂಡರು. ಒಂದೊಂದು ನಾಡಿಗೂ ಒಂದೊಂದು ಹಡಗು. ನೀರಿನ ನಡುವೆ ಬೇರೆ ಬೇರೆಯಾಗಿ ನಿಂತಿದ್ದ ನೆಲದ ತುಂಡುಗಳನ್ನು ಹಡಗೆಂದು ಬರೆಯುವುದಕ್ಕಿಂತ ಸರಿಯಾದ ದಾರಿ ಇನ್ನಾವುದಿತ್ತು?

ಹೂಸುಮ್‌ನಿಂದ ಹೊರಡುವ ಪುಟ್ಟ ರೈಲು ಈ ಮೂರು ನಾಡುಗಳನ್ನೂ ಹಾದು ಕಡಲ ತೀರದ ಸಾಂಕ್ಟ್ ಪೇಟರ್-ಓರ್ಡಿಂಗ್‌ಗೆ ಹೋಗುತ್ತದೆ. ಕಿಟಕಿಯಾಚೆ ಬೆಟ್ಟವಿಲ್ಲ, ದಿಣ್ಣೆಯೂ ಇಲ್ಲ. ಹುಲ್ಲು, ನೀರಿನ ಗೆರೆಯಂಥ ಕಾಲುವೆಗಳು, ದನ, ಮತ್ತೆ ಹುಲ್ಲು. ದೂರದಲ್ಲಿ ಎಲ್ಲೆಂದರಲ್ಲಿ ಚರ್ಚಿನ ಗೋಪುರಗಳು. ಈ ಸಣ್ಣ ನೆಲದಲ್ಲಿ ಹಳೆಯ ಚರ್ಚುಗಳೇ 18 ಇವೆ. ಗಾರ್ಡಿಂಗ್‌ನಲ್ಲಿ ಇಳಿದೆವು. ರೋಮ್ ಚರಿತ್ರೆ ಬರೆದು 1902ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಥಿಯೋಡೋರ್ ಮೋಮ್‌ಸೆನ್ 1817ರಲ್ಲಿ ಹುಟ್ಟಿದ ಊರು ಇದು.

ಗೂಳಿಯ ತಲೆಯ ಅರ್ಥ ನನಗೆ ದಕ್ಕಿದ್ದು ಟೋನಿಂಗ್ ಬಂದರಿನಲ್ಲಿ. ಐಡರ್ ನದಿ ಕಡಲು ಸೇರುವ ಕಡೆ ಇರುವ ಈ ಊರಿನ ಬಂದರಿನಲ್ಲಿ 1783ರ ದೊಡ್ಡ ಉಗ್ರಾಣ ಕಟ್ಟಡ ಇಂದಿಗೂ ನಿಂತಿದೆ. ಈಗ ಅಲ್ಲಿ ಸದ್ದಿಲ್ಲ, ಮಕ್ಕಳು ಐಸ್‌ಕ್ರೀಂ ತಿನ್ನುತ್ತ ಕೂತಿರುತ್ತಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಇದೇ ಕಟ್ಟೆಯಿಂದ ಐಡರ್‌ಷ್ಟೆಟ್‌ನ ಹುಲ್ಲು ಮೇದು ಕೊಬ್ಬಿದ ದನಗಳು ಉಗಿಹಡಗು ಹತ್ತಿ ಲಂಡನ್‌ಗೆ ಹೋಗುತ್ತಿದ್ದವು. ಫ್ಲೆನ್ಸ್‌ಬುರ್ಗ್‌ನಿಂದ ಹೂಸುಮ್ ಹಾದು ಟೋನಿಂಗ್‌ಗೆ 1854ರಲ್ಲಿ ತೆರೆದ ರೈಲುದಾರಿಯನ್ನು ಕಟ್ಟಿಸಿದವರು ಇಂಗ್ಲೆಂಡಿನ ಗುತ್ತಿಗೆದಾರ ಸ್ಯಾಮುಯೆಲ್ ಮಾರ್ಟನ್ ಪೀಟೊ. ಗೂಳಿ ಹಡಗಿನ ಮೇಲಿರುವುದು ಬರೀ ಚಿತ್ರಗಾರನ ಕಲ್ಪನೆಯಲ್ಲ. ಇಲ್ಲಿ ಅದು ದಿನವೂ ನಡೆಯುತ್ತಿದ್ದ ವ್ಯಾಪಾರ.

ಇಲ್ಲಿನ ದನಗಳ ದುಡ್ಡು ಏನನ್ನು ಕಟ್ಟಿತೆಂದು ನೋಡಬೇಕಾದರೆ ವಿಟ್ಸ್‌ವೋರ್ಟ್ ಹಳ್ಳಿಯ ಬಳಿಯ ಕೆಂಪು ಹೌಬಾರ್ಗ್‌ಗೆ ಹೋಗಬೇಕು. ಹೆಸರಿಗೆ ಕೆಂಪು, ಗೋಡೆ ಬೆಳ್ಳಗೆ. ಹೌಬಾರ್ಗ್ ಎಂದರೆ ಮನೆ, ಕೊಟ್ಟಿಗೆ, ಕಣಜ ಮೂರನ್ನೂ ಒಂದೇ ದೈತ್ಯ ಹುಲ್ಲುಮಾಡಿನ ಕೆಳಗೆ ಸೇರಿಸಿದ ತೋಟದ ಮನೆ. ನಡುವಿನಲ್ಲಿ ದಪ್ಪ ಕಂಬಗಳು, ಕಂಬಗಳ ನಡುವೆ ಬೆಟ್ಟದಂತೆ ಒಣಹುಲ್ಲು, ಸುತ್ತ ದನ, ಜನ. ಮಾಡಿನ ಭಾರವೆಲ್ಲ ಕಂಬಗಳ ಮೇಲೆ, ಗೋಡೆಗಳ ಮೇಲಲ್ಲ. ಪ್ರವಾಹ ಬಂದು ಗೋಡೆ ಕೊಚ್ಚಿಹೋದರೂ ಮಾಡು ನಿಲ್ಲುತ್ತದೆ, ಹುಲ್ಲಿನ ಮೇಲೆ ಹತ್ತಿದವರು ಬದುಕುತ್ತಾರೆ. ಒಳಗೆ ನಿಂತು ತಲೆಯೆತ್ತಿದಾಗ ಆ ಕಂಬ ತೊಲೆಗಳ ಎತ್ತರಕ್ಕೆ ನನ್ನ ಬಾಯಿ ಕಟ್ಟಿತು. ಈ ಮನೆಯನ್ನು ಸೈತಾನ ಒಂದೇ ರಾತ್ರಿಯಲ್ಲಿ ಕಟ್ಟಿದನೆಂದೂ, ನೂರನೇ ಕಿಟಕಿಗೆ ಗಾಜು ಹಾಕುವಷ್ಟರಲ್ಲಿ ಕೋಳಿ ಕೂಗಿಬಿಟ್ಟಿತೆಂದೂ ಊರವರ ಕಥೆಯಿದೆ. ಸೈತಾನನಿಗೇಕೆ ಕೊಡಬೇಕು ಆ ಕೀರ್ತಿ, ಬಡಗಿಗಳಿಗೆ ಕೊಡೋಣ ಎನ್ನಿಸಿತು ನನಗೆ.

ಮೀನಿನ ಬಗ್ಗೆ ಹೆಚ್ಚು ಹೇಳಲಾರೆ. ಹೂಸುಮ್ ಬಂದರಿನಲ್ಲಿ ಈಗ ಹೆಸರುವಾಸಿ ಮೀನಿಗಿಂತ ಸಣ್ಣ ಕಂದು ಸಿಗಡಿ. ದೋಣಿಯ ಮೇಲೆಯೇ ಕಡಲ ನೀರಿನಲ್ಲಿ ಬೇಯಿಸಿ ತರುತ್ತಾರೆ. ಬಂದರಿನಲ್ಲಿ ದಿನಕ್ಕೆರಡು ಬಾರಿ ನೀರು ಸುಮಾರು ಮೂರೂವರೆ ಮೀಟರ್ ಏರಿಳಿಯುತ್ತದೆ. ಬೆಳಗ್ಗೆ ಕಟ್ಟೆಯ ಮಟ್ಟಕ್ಕೆ ತೇಲುತ್ತಿದ್ದ ದೋಣಿ ಮಧ್ಯಾಹ್ನ ಕೆಸರಿನ ಮೇಲೆ ಕೂತಿರುತ್ತದೆ.

ನನ್ನನ್ನು ನಿಜವಾಗಿ ಅಲುಗಾಡಿಸಿದ್ದು ನೇಗಿಲು.

ನಾರ್ಡ್‌ಷ್ಟ್ರಾಂಡ್‌ನ ಫೂಲೆಹೋರ್ನ್ ಎಂಬಲ್ಲಿಂದ ಕಡಲ ಇಳಿತದ ಹೊತ್ತಿಗೆ ಬರಿಗಾಲಿನಲ್ಲಿ ಕಡಲ ತಳದ ಮೇಲೆ ನಡೆದು ಸ್ಯೂಡ್‌ಫಾಲ್ ಎಂಬ ಪುಟ್ಟ ದ್ವೀಪಕ್ಕೆ ಹೋಗಬಹುದು. ದಾರಿ ಬಲ್ಲವರ ಜೊತೆಯೇ ಹೋಗಬೇಕು. ನೀರು ಮರಳುವ ವೇಳೆ ತಪ್ಪಿದರೆ ಪ್ರಾಣಕ್ಕೆ ಅಪಾಯ. ನಾವು ಇಪ್ಪತ್ತು ಜನರ ಒಂದು ಗುಂಪನ್ನು ಸೇರಿಕೊಂಡೆವು. ಮುಂದೆ ನಡೆಯುತ್ತಿದ್ದ ಮಾರ್ಗದರ್ಶಿ ಮಹಿಳೆಯ ಕೈಯಲ್ಲಿ ಒಂದು ಕವಲುಗೋಲು, ಹೆಗಲಿಗೆ ಚೀಲ. ಕಾಲ ಕೆಳಗೆ ತಣ್ಣನೆಯ ಮಣ್ಣು, ಅಲೆ ಬಿಟ್ಟುಹೋದ ಸುಕ್ಕುಗಳು, ಹುಳುಗಳು ಹೊರಹಾಕಿದ ಮರಳಿನ ಸುರುಳಿಗಳು. ನಾಲ್ಕೂ ದಿಕ್ಕಿಗೆ ಆಕಾಶವೇ. 2009ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ವಾಡನ್ ಕಡಲು ಇದು. ಆರು ಗಂಟೆ ನೆಲ, ಆರು ಗಂಟೆ ನೀರು.

ಈ ಕೆಸರಿನ ಕೆಳಗೆ ಊರುಗಳಿವೆ. 1362ರ ಜನವರಿ ಮಧ್ಯದಲ್ಲಿ ಬೀಸಿದ ಬಿರುಗಾಳಿ ಕಡಲನ್ನು ಒಡ್ಡುಗಳ ಮೇಲೆ ಹತ್ತಿಸಿತು. ಜನ ಅದನ್ನು ಮನುಷ್ಯರನ್ನು ಮುಳುಗಿಸಿದ ಮಹಾಪೂರವೆಂದು ಕರೆದರು. ಹಾಂಬುರ್ಗ್‌ನ ವರ್ತಕರೊಡನೆ ವ್ಯವಹಾರವಿದ್ದ ರುಂಗ್‌ಹೋಲ್ಟ್ ಎಂಬ ಊರು ಅಂದು ಕಡಲ ಪಾಲಾಯಿತು. ಕಾಲಕ್ರಮದಲ್ಲಿ ಅದು ದಂತಕಥೆಯಾಗಿ, ಅಲ್ಲಿನವರ ಸೊಕ್ಕಿಗೆ ದೇವರು ಕೊಟ್ಟ ಶಿಕ್ಷೆಯೆಂಬ ಮಾತೂ ಹುಟ್ಟಿತು. ಊರಿತ್ತೋ ಇಲ್ಲವೋ ಎಂದೇ ಜನ ಅನುಮಾನಿಸುವಂತಾಯಿತು. 1921ರಲ್ಲಿ ನಾರ್ಡ್‌ಷ್ಟ್ರಾಂಡ್‌ನ ರೈತ ಆಂಡ್ರೆಯಾಸ್ ಬುಷ್ ಸ್ಯೂಡ್‌ಫಾಲ್ ಬಳಿಯ ಕೆಸರಿನಲ್ಲಿ ಹಳೆಯ ನೆಲೆಯ ಗುರುತುಗಳನ್ನು ಕಂಡರು. ಅಲ್ಲಿಂದ ಮುಂದೆ ದಶಕಗಳ ಕಾಲ ಅವರು ಇಳಿತದ ಹೊತ್ತು ಕಾದು ಹೋಗಿ ಬಾವಿಗಳು, ಮನೆದಿಬ್ಬಗಳು, ತೂಬಿನ ಮರದ ದಿಮ್ಮಿಗಳು, ಹೊಲಗಳ ಕಾಲುವೆಗಳು ಎಲ್ಲವನ್ನೂ ಅಳೆದು ನಕ್ಷೆ ಮಾಡಿದರು. ಬೇಸಾಯ ಮಾಡುವವರಾದ್ದರಿಂದಲೇ ಅವರ ಕಣ್ಣಿಗೆ ಅದು ಹೊಲವಾಗಿ ಕಂಡಿತು ಎಂದು ನಾನು ನಂಬುತ್ತೇನೆ.

2023ರಲ್ಲಿ ಕೀಲ್ ಮತ್ತು ಮೈನ್ಸ್ ವಿಶ್ವವಿದ್ಯಾಲಯಗಳ ಸಂಶೋಧಕರು ಇದೇ ಸೀಮೆಯಲ್ಲಿ ಭೂಮಿಯನ್ನು ಅಗೆಯದೆ ಒಳಗನ್ನು ಅಳೆಯುವ ಉಪಕರಣಗಳಿಂದ ಸುಮಾರು ಎರಡು ಕಿಲೋಮೀಟರ್ ಉದ್ದಕ್ಕೆ ಸಾಲಾಗಿದ್ದ ಮನೆದಿಬ್ಬಗಳನ್ನು ಗುರುತಿಸಿದರು. ಅವುಗಳಲ್ಲೊಂದರ ಮೇಲೆ 40 ಮೀಟರ್ ಉದ್ದ, 15 ಮೀಟರ್ ಅಗಲದ ಚರ್ಚಿನ ತಳಪಾಯ. ಅಷ್ಟು ದೊಡ್ಡ ಚರ್ಚು ಕಟ್ಟಿದ್ದರೆಂದರೆ ಊರು ಸಣ್ಣದಿರಲಿಲ್ಲ.

ನಮ್ಮ ಮುಂದೆ ನಡೆಯುತ್ತಿದ್ದ ಮಾರ್ಗದರ್ಶಿ ಒಂದು ಕಡೆ ನಿಂತು ಕೋಲಿನಿಂದ ತೋರಿಸಿದರು. ಬೂದು ಮಣ್ಣಿನ ಮೇಲೆ ಕಪ್ಪನೆಯ ಗೆರೆಗಳು, ಒಂದಕ್ಕೊಂದು ಸಮವಾಗಿ, ನೇರವಾಗಿ. ಅಲೆಗೆ ಹಾಗೆ ಗೆರೆ ಎಳೆಯಲು ಬರುವುದಿಲ್ಲ. "ಇವು ಹೊಲದ ಕಾಲುವೆಗಳು. ಮರಳು ಸರಿದರೆ ಕಾಣುತ್ತವೆ, ಮುಂದಿನ ಗಾಳಿಗೆ ಮುಚ್ಚಿಹೋಗುತ್ತವೆ. ಕೆಲವು ಕಡೆ ಉಳುಮೆಯ ಸಾಲುಗಳೇ ಕಂಡಿವೆ" ಎಂದರು. ನಾನು ಕಾಲು ಎತ್ತಿ ಆಚೆಗಿಟ್ಟೆ. ಆರೂವರೆ ಶತಮಾನದ ಹಿಂದೆ ಯಾರೋ ಎತ್ತು ಕಟ್ಟಿ ಉತ್ತ ನೆಲದ ಮೇಲೆ ನಿಂತಿದ್ದೆ, ಮತ್ತು ಇನ್ನೊಂದೆರಡು ತಾಸಿನಲ್ಲಿ ಅದರ ಮೇಲೆ ದೋಣಿ ಸಾಗಲಿತ್ತು. ಹಾಯಿಯ ಮೇಲೆ ನೇಗಿಲು ಬರೆದದ್ದು ಏಕೆಂದು ಕೇಳುತ್ತಿದ್ದ ನನಗೆ ಇದಕ್ಕಿಂತ ನೇರವಾದ ಉತ್ತರ ಯಾವ ಪುಸ್ತಕ ಕೊಡಬಲ್ಲದು? ಈ ನೀಲಿಯ ಕೆಳಗೆ ನೇಗಿಲ ಸಾಲಿದೆ.

ದುರಂತಕ್ಕೆ ಕಾರಣ ಗಾಳಿಯೊಂದೇ ಅಲ್ಲ ಎಂಬುದನ್ನೂ ಆ ಮಹಿಳೆ ಮುಚ್ಚಿಡಲಿಲ್ಲ. ಕಡಲ ಉಪ್ಪು ಹೀರಿದ ಪೀಟ್ ಮಣ್ಣನ್ನು ಇಲ್ಲಿನವರು ಅಗೆದು, ಒಣಗಿಸಿ, ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ ಕುದಿಸಿ ಉಪ್ಪು ತೆಗೆಯುತ್ತಿದ್ದರು. ಉಪ್ಪಿಗೆ ಒಳ್ಳೆಯ ಬೆಲೆಯಿತ್ತು. ಅಗೆದಷ್ಟೂ ನೆಲ ತಗ್ಗಾಯಿತು. ಒಡ್ಡಿನ ಒಳಗಿನ ಊರು ಕಡಲಿಗಿಂತ ಕೆಳಗಿಳಿಯಿತು. ಒಡ್ಡು ಒಡೆದ ದಿನ ನೀರಿಗೆ ಹೊರಹೋಗುವ ದಾರಿಯಿರಲಿಲ್ಲ.

ಅಷ್ಟಾದರೂ ಜನ ಬಿಟ್ಟುಹೋಗಲಿಲ್ಲ. ಮತ್ತೆ ಕಟ್ಟಿದರು. 1634ರ ಅಕ್ಟೋಬರ್ 11ರ ರಾತ್ರಿ ಮತ್ತೊಂದು ಪೂರ ಬಂದಿತು. ಇಂದು ನಕ್ಷೆಯಲ್ಲಿ ಬೇರೆ ಬೇರೆಯಾಗಿ ಕಾಣುವ ನಾರ್ಡ್‌ಷ್ಟ್ರಾಂಡ್ ಮತ್ತು ಪೆಲ್ವರ್ಮ್ ಅಂದಿನವರೆಗೆ ಷ್ಟ್ರಾಂಡ್ ಎಂಬ ಒಂದೇ ದೊಡ್ಡ ದ್ವೀಪ. ಒಂದು ರಾತ್ರಿಯಲ್ಲಿ ಅದು ಸೀಳಿಹೋಯಿತು. ಆ ದ್ವೀಪವೊಂದರಲ್ಲೇ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಒಡ್ಡಿನ ಕೆಲಸಕ್ಕೆಂದು ಬಂದಿದ್ದ ಡಚ್ ಎಂಜಿನಿಯರ್ ಯಾನ್ ಲೇಗ್‌ವಾಟರ್ ಡಾಗೆಬ್ಯುಲ್‌ನಲ್ಲಿ ಆ ರಾತ್ರಿಯನ್ನು ಕಳೆದು, ಬದುಕಿ ಉಳಿದು, ಕಂಡದ್ದನ್ನು ಬರೆದಿಟ್ಟರು.

ಹೂಸುಮ್‌ನ ವಸ್ತುಸಂಗ್ರಹಾಲಯದಲ್ಲಿ ಒಡ್ಡು ಕಟ್ಟುವ ಹಳೆಯ ಸಲಿಕೆಗಳನ್ನು ನೋಡುತ್ತ ನಾನು ಬಹಳ ಹೊತ್ತು ನಿಂತೆ. ಈ ನಾಡಿನಲ್ಲಿ ಸಲಿಕೆಗೆ ಕಾನೂನಿನ ಬಲವಿತ್ತು. ಪ್ರತಿ ರೈತನಿಗೂ ಒಡ್ಡಿನ ಇಂತಿಷ್ಟು ಉದ್ದ ತನ್ನ ಹೊಣೆ. ಅದನ್ನು ನೋಡಿಕೊಳ್ಳಲಾರದೆ ಕೈಸೋತವನು ತನ್ನ ಪಾಲಿನ ಒಡ್ಡಿನ ಮೇಲೆ ಸಲಿಕೆ ನೆಟ್ಟು ಊರು ಬಿಟ್ಟು ಹೋಗಬೇಕಿತ್ತು. ಆ ಸಲಿಕೆಯನ್ನು ಕಿತ್ತವನಿಗೆ ಅವನ ಹೊಲ ಮನೆ, ಜೊತೆಗೆ ಅವನ ಒಡ್ಡಿನ ಹೊರೆ. ಹೂಸುಮ್‌ನಲ್ಲೇ ಹುಟ್ಟಿದ ಥಿಯೋಡೋರ್ ಷ್ಟೋರ್ಮ್ 1888ರಲ್ಲಿ ಬರೆದ ತಮ್ಮ ಕೊನೆಯ ದೊಡ್ಡ ಕಥೆಗೆ ಒಡ್ಡಿನ ಅಧಿಕಾರಿಯೊಬ್ಬನನ್ನೇ ನಾಯಕನನ್ನಾಗಿ ಮಾಡಿದರು. ಅದರ ಜಗಳದ ಮೂಲ ಒಡ್ಡಿನ ಇಳಿಜಾರು ಎಷ್ಟಿರಬೇಕೆಂಬುದು. ಕಡಲ ಕಡೆಗೆ ಮೆಲ್ಲಗೆ ಇಳಿಯುವ ಒಡ್ಡಿನ ಮೇಲೆ ಅಲೆ ಹತ್ತುತ್ತ ಹತ್ತುತ್ತ ಬಲ ಕಳೆದುಕೊಳ್ಳುತ್ತದೆ. ಇಂದು ಜಿಲ್ಲೆಯ ಒಡ್ಡುಗಳೆಲ್ಲ ಅದೇ ಆಕಾರದವು.

ಇದೇ ಉತ್ತರ ಸಮುದ್ರದ ದಕ್ಷಿಣ ದಂಡೆಯಲ್ಲಿ ಪೂರ್ವ ಫ್ರೀಸ್‌ಲಾಂಟ್ ಇದೆ. ಅಲ್ಲಿನ ರೆಸ್ಟರ್‌ಹಾಫೆ ಹಳ್ಳಿಯ ಪಾದ್ರಿಯ ಮನೆಯಲ್ಲಿ 1832ರಲ್ಲಿ ಹುಟ್ಟಿದವರು ನಮ್ಮ ಫರ್ಡಿನಾಂಡ್ ಕಿಟೆಲ್. ಒಡ್ಡಿನ ಮೇಲೆ ನಡೆಯುತ್ತಿದ್ದಾಗ ಅವರ ನೆನಪಾಗಿ ಅಣ್ಣನ ಮಗಳಿಗೆ ಹೇಳಿದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಬಂದ ಅವರ ನಿಘಂಟಿನ ಹಿಂದಿದ್ದ ತಾಳ್ಮೆಗೆ ಈ ದಂಡೆಯ ಗುಣ ಸ್ವಲ್ಪವಾದರೂ ಸೇರಿರಬೇಕೆಂದು ನನಗೆ ಬಲವಾಗಿ ಅನ್ನಿಸಿತು. "ಅವರೂ ಹೀಗೇ ಕೆಸರಿನಲ್ಲಿ ಓಡಾಡಿರ್ತಾರೆ ಅಂತೀರಾ, ಅತ್ತೆ?" ಎಂದಳು. ಓಡಾಡದೆ ಇರುತ್ತಾರೆಯೇ!

ಕೊನೆಗೆ ಡಾಗೆಬ್ಯುಲ್‌ನಿಂದ ದೋಣಿ ಹತ್ತಿ ಫ್ಯೋರ್ ದ್ವೀಪಕ್ಕೆ ಹೋದೆವು. ಸ್ಯೂಡರೆಂಡೆ ಹಳ್ಳಿಯ ಚರ್ಚಿನ ಅಂಗಳದಲ್ಲಿ ಹದಿನೇಳು, ಹದಿನೆಂಟನೇ ಶತಮಾನದ ನಾವಿಕರ ಸಮಾಧಿ ಕಲ್ಲುಗಳಿವೆ. ಬದುಕಿನ ಕಥೆಯನ್ನೆಲ್ಲ ಕೆತ್ತಿಸಿಕೊಂಡವು. 1706ರಲ್ಲಿ ತೀರಿಕೊಂಡ ಮಥಿಯಾಸ್ ಪೀಟರ್‌ಸೆನ್ ಎಂಬ ತಿಮಿಂಗಿಲ ಬೇಟೆಯ ಕಪ್ತಾನನ ಕಲ್ಲು ಆತ ಹಿಡಿದ 373 ತಿಮಿಂಗಿಲಗಳ ಲೆಕ್ಕ ಹೇಳುತ್ತದೆ. ಕೆಲವು ಕಲ್ಲುಗಳ ನೆತ್ತಿಯಲ್ಲಿ ಒಂದು ಗಿಡ. ಗಂಡುಮಕ್ಕಳು ಟ್ಯುಲಿಪ್ ಹೂಗಳು, ಹೆಣ್ಣುಮಕ್ಕಳು ನಕ್ಷತ್ರದಂಥ ಹೂಗಳು. ತಂದೆತಾಯಿಗಿಂತ ಮೊದಲೇ ಹೋದ ಮಕ್ಕಳ ಹೂವಿನ ತೊಟ್ಟು ಮುರಿದಿದೆ. ಇನ್ನು ಕೆಲವು ಕಲ್ಲುಗಳ ಮೇಲೆ ಹಡಗು. ಹಾಯಿ, ಹಗ್ಗ ಎಲ್ಲ ಕಳಚಿಟ್ಟು ನಿಂತ ಹಡಗೆಂದರೆ ಪಯಣ ಮುಗಿಯಿತೆಂದು ಅರ್ಥ. ಕಲ್ಲಿನಿಂದ ಕಲ್ಲಿಗೆ ಹೋಗುತ್ತ ಹಡಗನ್ನು ಓದುವುದು ನನಗೆ ರೂಢಿಯಾಯಿತು. ಜಿಲ್ಲೆಯ ಗುರಾಣಿಯ ಮೂರು ಹಡಗುಗಳ ಹಾಯಿಗಳು ತುಂಬಿಕೊಂಡಿರುವುದು ಆಗ ನನಗೆ ಇನ್ನಷ್ಟು ಅರ್ಥವಾಯಿತು. ಇಷ್ಟು ಸಲ ಮುಳುಗಿದ ನಾಡಿನವರು ತಮ್ಮನ್ನು ಇನ್ನೂ ಸಾಗುತ್ತಿರುವವರೆಂದು ಬರೆದುಕೊಂಡಿದ್ದಾರೆ.

ಆ ಗುರಾಣಿಗೆ ನಾಲ್ಕನೆಯದೊಂದನ್ನು ಸೇರಿಸುವ ಅಧಿಕಾರ ನನಗಿದ್ದರೆ ಕುರಿಯನ್ನು ಸೇರಿಸುತ್ತಿದ್ದೆ. ಒಡ್ಡಿನ ಇಳಿಜಾರಿನುದ್ದಕ್ಕೂ ಕುರಿಗಳು ಮೇಯುತ್ತಿರುತ್ತವೆ. ಯಂತ್ರದಿಂದ ಹುಲ್ಲು ಕತ್ತರಿಸುವುದಕ್ಕಿಂತ ಇದು ಮೇಲು. ಅವು ಹುಲ್ಲನ್ನು ಗಿಡ್ಡವಾಗಿ ಕಚ್ಚಿ ದಟ್ಟವಾಗಿಸುತ್ತವೆ, ಪುಟ್ಟ ಗೊರಸುಗಳಿಂದ ಮಣ್ಣನ್ನು ತುಳಿದು ಗಟ್ಟಿ ಮಾಡುತ್ತವೆ. ಇಲಿ, ಹೆಗ್ಗಣಗಳ ಬಿಲಗಳೂ ಆ ತುಳಿತಕ್ಕೆ ಮುಚ್ಚಿಹೋಗುತ್ತವೆ. ನಾರ್ಡ್‌ಷ್ಟ್ರಾಂಡ್‌ನಲ್ಲಿ ಈಚೆಗೆ ಕಟ್ಟಿದ ಒಡ್ಡಿನ ನೆತ್ತಿಯನ್ನು ಬೇಕೆಂದೇ ಅಗಲವಾಗಿ ಬಿಟ್ಟಿದ್ದಾರೆ. ಕಡಲ ಮಟ್ಟ ಏರುತ್ತಿದೆ. ಮುಂದಿನವರು ಬಂದು ಇದೇ ಒಡ್ಡಿನ ಮೇಲೆ ಇನ್ನೊಂದು ಪದರ ಮಣ್ಣು ಏರಿಸಲು ಜಾಗವಿರಲೆಂದು. ನಾವು ಹೋದ ದಿನ ಆ ಅಗಲವಾದ ನೆತ್ತಿಯ ಮೇಲೂ ಕುರಿಗಳು ಇದ್ದವು.